ಹಳೆಯ ವಿಳಾಸ

ಪುಣೆಗೆ ಬಂದು ಮೂವತ್ತು ವರ್ಷವಾಯಿತು. ಊರು ಯಾವುದೆಂದರೆ ಈಗಲೂ ಗದಗ ಅಂತೀನಿ. ಅಲ್ಲಿಯ ಮನೆ ಎಂದೋ ಮಾರಿಯಾಗಿದೆ. ಹಾಗಾದರೆ ಇದು ಸುಳ್ಳೇ?

ನಿವೃತ್ತಿಯ ಮೇಲೆ ಲಿನಕ್ಸ್ ಕಲಿತೆ. ಲೆಕ್ಕ ಕೂಡಿಸಲು ಬರೆದ ಸ್ಕ್ರಿಪ್ಟಿನಲ್ಲಿ ಬ್ಯಾಶ್ ಇರುವ ಜಾಗ '/ಬಿನ್' ಎಂದಿದ್ದೆ. ಗೆಳೆಯರ ಫ್ರೀಬಿಎಸ್‌ಡಿಯಲ್ಲಿ ಅದು ನಡೆಯಲೇ ಇಲ್ಲ; ಅಲ್ಲಿ ಬ್ಯಾಶ್ '/ಯುಎಸ್‌ಆರ್/ಲೋಕಲ್/ಬಿನ್'ನಲ್ಲಿರುತ್ತದೆ. "ಜಾಗ ಬರೀಬೇಡಿ ಅಪ್ಪಾ, 'ಎನ್ವ್'ಗೆ ಹೇಳಿ ಹುಡುಕಿಸಿ" ಅಂದ ಮಗ. ಸರಿಯೇ, ವರ್ಗವಾಗಿ ಹೊಸ ಬ್ರಾಂಚಿಗೆ ಹೋದಾಗ ನಾವೂ ಕೇಳಿಯೇ ತಿಳಿಯುತ್ತಿದ್ದೆವು.

ಮನಸ್ಸು ನಿಂತದ್ದು ಫೆಡೋರಾ ಮಾಡಿದ ಕೆಲಸದ ಮೇಲೆ. 2012ರಲ್ಲಿ ಅದರ 17ನೇ ಆವೃತ್ತಿ '/ಬಿನ್'ನ ಸಾಮಾನನ್ನೆಲ್ಲ '/ಯುಎಸ್‌ಆರ್/ಬಿನ್'ಗೆ ಸಾಗಿಸಿತು. ಹಳೇ ಜಾಗದಲ್ಲಿ ಹೊಸ ಮನೆಯ ದಾರಿ ತೋರುವ ಕೊಂಡಿಯೊಂದನ್ನು ಬಿಟ್ಟಿತು. ಹಳೆಯ ವಿಳಾಸ ಹಿಡಿದು ಬಂದವರು ಬರಿಗೈಲಿ ಹೋಗಬಾರದಲ್ಲ!

ಗದಗಿನ ಮನೆ ಕೊಂಡವರು ನನ್ನ ಹೆಸರಿಗೆ ಬರುವ ಲಗ್ನಪತ್ರಿಕೆಗಳನ್ನು ಇಂದಿಗೂ ಪುಣೆಗೆ ಕಳಿಸುತ್ತಾರೆ. ಅಲ್ಲಿಯವರೆಗೆ ನನ್ನ ಮಾತು ಸುಳ್ಳಲ್ಲ ಅನ್ನಿಸುತ್ತದೆ. ಅವರು ನಿಲ್ಲಿಸಿದ ಮೇಲೆ ಏನು ಹೇಳಬೇಕೋ, ಇನ್ನೂ ತೋಚಿಲ್ಲ.