ಗೂಟ ಹೊಡೆಯುವ ದಿನವೇ ಕೇಳಿ

ತೆಲುಗಿನ ‘ಕಂಚ’ ಎಂದರೆ ದನಕರು ಮೇಯಲು ಬಿಟ್ಟ ಜಾಗ, ನಮ್ಮ ಕಡೆಯ ಕಾವಲಿನಂಥದ್ದು. ಹೈದರಾಬಾದಿನ ಕಂಚ ಗಚ್ಚಿಬೌಲಿಯ ಹೆಸರಿನಲ್ಲೇ ಆ ನೆಲದ ಹಳೆಯ ಬದುಕು ಉಳಿದಿದೆ. ಸುತ್ತ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದರೂ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡ ಆ 400 ಎಕರೆಯಲ್ಲಿ ಕುರುಚಲು ಕಾಡಿತ್ತು, ಹೆಬ್ಬಂಡೆಗಳಿದ್ದವು, ನವಿಲು, ಚುಕ್ಕೆ ಜಿಂಕೆ, ನಕ್ಷತ್ರ ಆಮೆಗಳಿದ್ದವು.

2025ರ ಯುಗಾದಿ ಬಂದದ್ದು ಮಾರ್ಚ್ 30ರ ಭಾನುವಾರ. ಮರುದಿನ ರಂಜಾನ್. ಕೋರ್ಟು, ಕಚೇರಿಗಳಿಗೆಲ್ಲ ರಜೆ. ಆ ರಜೆಯಲ್ಲೇ, ನೆಲವನ್ನು ಹರಾಜಿಗೆ ಹದಗೊಳಿಸಲು ರಾಜ್ಯ ಸರ್ಕಾರದ ಜೆಸಿಬಿಗಳು ಸಾಲುಗಟ್ಟಿ ಒಳಗೆ ಹೋದವು. ಅಡ್ಡ ಬಂದ ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದೊಯ್ದರು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಕೆಲಸ ನಿಲ್ಲಿಸುವ ಹೊತ್ತಿಗೆ ಸುಮಾರು 100 ಎಕರೆ ಬೋಳಾಗಿತ್ತು. ಸ್ಥಳ ನೋಡಿ ಬಂದ ಹೈಕೋರ್ಟ್ ರಿಜಿಸ್ಟ್ರಾರ್ ಅಲ್ಲಿ ನವಿಲು, ಜಿಂಕೆ ಕಂಡದ್ದಾಗಿ ವರದಿ ಕೊಟ್ಟರು. ಇಷ್ಟು ಅವಸರವೇನಿತ್ತು, ಪರಿಸರ ಪರಿಣಾಮದ ಅಧ್ಯಯನ ಆಗಿದೆಯೇ, ಮರ ಕಡಿಯಲು ಅನುಮತಿ ಇದೆಯೇ ಎಂದು ಸುಪ್ರೀಂ ಕೋರ್ಟ್ ಪೀಠ ಕೇಳಿತು.

ಇದು ಸರ್ಕಾರದ ಜಮೀನು, ದಾಖಲೆಯಲ್ಲಿ ಅರಣ್ಯವಲ್ಲ ಎಂಬುದು ರಾಜ್ಯದ ವಾದ. ಜಮೀನಿನ ಒಡೆತನದ ವ್ಯಾಜ್ಯವನ್ನು ಸರ್ಕಾರ ಗೆದ್ದದ್ದೂ ನಿಜ. ಆದರೆ ನೆಲದ ಒಡೆಯ ಯಾರು ಎನ್ನುವುದು ಬೇರೆ, ಆ ನೆಲದ ಮೇಲೆ ಏನೇನು ಬದುಕಿದೆ ಎನ್ನುವುದು ಬೇರೆ. ಪಹಣಿಯ ಯಾವ ಕಾಲಮ್ಮಿನಲ್ಲೂ ನವಿಲಿಗೆ ಜಾಗವಿಲ್ಲ. ಆ ಲೆಕ್ಕ ಬರೆಯಲೆಂದೇ ಪರಿಸರ ಅಧ್ಯಯನ ಎಂಬುದೊಂದಿದೆ. ಪರಿಸರ ಪರಿಣಾಮದ ಅಧ್ಯಯನ ಕುರಿತ 2006ರ ಅಧಿಸೂಚನೆಯ ಪ್ರಕಾರ 50 ಹೆಕ್ಟೇರ್ ಮೀರಿದ ಬಡಾವಣೆಗೆ ಮೊದಲೇ ಪರಿಸರ ಅನುಮತಿ ಬೇಕು. ನಾನೂರು ಎಕರೆ ಎಂದರೆ ಸುಮಾರು 162 ಹೆಕ್ಟೇರ್. ಆದರೂ ನಮ್ಮಲ್ಲಿ ಮೊದಲು ಹರಾಜಿನ ಲೆಕ್ಕಾಚಾರ, ನಂತರ ಜೆಸಿಬಿ, ಎಲ್ಲ ಆದಮೇಲೆ ವರದಿ. ಆ ವರದಿಯನ್ನು ಬರೆಸುವವರೂ ಕಟ್ಟುವವರೇ. ಕಟ್ಟಡ, ಬಡಾವಣೆಗಳ ವಿಷಯದಲ್ಲಿ ಜನರ ಅಹವಾಲು ಕೇಳಬೇಕೆಂಬ ಕಡ್ಡಾಯವೂ ಆ ಅಧಿಸೂಚನೆಯಲ್ಲಿಲ್ಲ. ಇದು ದೊಡ್ಡ ತಪ್ಪು ಎಂದೇ ನಾನು ತಿಳಿದಿದ್ದೇನೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲೂ ಸಾವಿರಾರು ಎಕರೆ ಹಂಚಿಹೋದ ಮೇಲೆಯೇ ಅಲ್ಲವೇ ಪ್ರಶ್ನೆ ಹಸಿರು ನ್ಯಾಯಮಂಡಳಿ ಮುಟ್ಟಿದ್ದು?

ಮೊದಲು ನೆಲ ನೋಡುವ ಪಾಠ ಹೈದರಾಬಾದಿಗೆ ಹೊಸದಲ್ಲ, ಕನ್ನಡಿಗರಿಗೂ ಹೊಸದಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಆ ಊರಿನ ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜ್‌ನ ಒಂದು ಹುಣಸೆ ಮರ ಹತ್ತಿ ನೂರೈವತ್ತು ಮಂದಿ ಜೀವ ಉಳಿಸಿಕೊಂಡರು ಎಂದು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಮರುವರ್ಷ ನಿಜಾಮರ ಕರೆಯ ಮೇಲೆ ನಮ್ಮ ವಿಶ್ವೇಶ್ವರಯ್ಯನವರು ಹೋದರು. ಊರೊಳಗಿನ ನದಿಯೊಂದನ್ನೇ ನೋಡಿ ಅವರು ಸುಮ್ಮನಾಗಲಿಲ್ಲ. ಮೂಸಿಗೆ ನೀರು ಇಳಿದು ಬರುವ ಮೇಲ್ಗಡೆಯ ನೆಲವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರು. ಅಲ್ಲಿ 788 ಕೆರೆಗಳಿದ್ದವು, 221 ಒಡೆದಿದ್ದವು. ನೀರನ್ನು ಊರಿನ ಮೇಲ್ಗಡೆಯೇ ತಡೆಯಬೇಕೆಂದು ಅವರು ಹೇಳಿದ್ದರಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದವು. ನಗರ ದಶಕಗಟ್ಟಲೆ ಅವುಗಳ ನೀರು ಕುಡಿಯಿತು.

ಆ ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ, 84 ಹಳ್ಳಿಗಳಲ್ಲಿ, ಮಾಲಿನ್ಯದ ಕಾರ್ಖಾನೆ, ದೊಡ್ಡ ಬಡಾವಣೆ ಬೇಡವೆಂದು 1996ರಲ್ಲಿ 111ನೇ ಸರ್ಕಾರಿ ಆದೇಶ ಹೊರಟಿತ್ತು. 2022ರಲ್ಲಿ ಆ ಕಟ್ಟು ಸಡಿಲವಾಯಿತು; ಮೊದಲು ನೆಲ ನೋಡುವ ಪಾಠ ಅಲ್ಲೂ ಮರೆತುಹೋಯಿತು.

ಕಂಚ ಗಚ್ಚಿಬೌಲಿಯ ಮರ ಉರುಳಿದ ಮೇಲೆ ಕೋರ್ಟು ಕೇಳಿತು. ನಿಮ್ಮೂರಿನ ಅಂಚಿನ ಕಾವಲಿಗೋ ಕೆರೆಯಂಗಳಕ್ಕೋ ಸರ್ವೆಯವರು ಗೂಟ ಹೊಡೆಯಲು ಬಂದರೆ, ದಯವಿಟ್ಟು ಜೆಸಿಬಿ ಬರುವ ತನಕ ಕಾಯಬೇಡಿ. ವರದಿ ಎಲ್ಲಿ, ಅದರಲ್ಲಿ ಏನಿದೆ ಎಂದು ಅವತ್ತೇ ಕೇಳಿ.