ವಿದ್ಯಾಸ್ಥಾನಕ್ಕೆ ಅಧಿಕಾರಿ ಯಾರು?

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅಧಿಕಾರಿ ಯಾರೆಂಬ ವಿಚಾರವುಂಟು. ಅಮೆರಿಕಾದ ಆಮ್‌ಹರ್ಸ್ಟ್, ವಿಲಿಯಮ್ಸ್, ಸ್ವಾರ್ತ್‌ಮೋರ್ ಕಾಲೇಜುಗಳಲ್ಲಿ ಈ ವಿಚಾರವು ಆಟದ ಬಯಲಿನಿಂದ ಎದ್ದಿದೆ. ಒಂದೊಂದರಲ್ಲಿಯೂ ಓದುವವರು ಹೆಚ್ಚುಕಡಮೆ 2,000 ಮಂದಿ. ಪ್ರವೇಶ ಬೇಡುವವರು ಅದರ ಹಲವು ಮಡಿ. ಆಟಗಾರನಿಗೆ ಇಲ್ಲಿ ಕ್ರೀಡಾವೇತನವಿಲ್ಲ. ಆದರೆ ವೇತನಕ್ಕಿಂತ ದುರ್ಲಭವಾದ ಸ್ಥಾನವೇ ತರಬೇತುಗಾರನ ಶಿಫಾರಸಿನಿಂದ ಸುಲಭವಾಗುವುದುಂಟು.

ದೊಡ್ಡ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದಂತೆ ಸಣ್ಣ ಕಾಲೇಜಿನ ತಂಡಕ್ಕೂ ಹತ್ತಾರು ಆಳುಗಳು ಬೇಕು. 30,000 ಮಂದಿಯಲ್ಲಿ ಕಣ್ಣಿಗೆ ಬೀಳದ ಈ ಗುಂಪು 2,000ದಲ್ಲಿ ದೊಡ್ಡ ಪಾಲಾಗುತ್ತದೆ. ಇದನ್ನೆಣಿಸಿಯೇ ಸ್ವಾರ್ತ್‌ಮೋರ್ 2000ದ ಡಿಸೆಂಬರಿನಲ್ಲಿ ಫುಟ್‌ಬಾಲನ್ನು ಕೈಬಿಟ್ಟಿತು. ಹಳೆಯ ವಿದ್ಯಾರ್ಥಿಗಳನೇಕರು ಕೆರಳಿದರು.

ದೇಹಸಾಧನೆಯು ಕೀಳೆಂದು ನಾನು ಹೇಳೆನು. ಮುಂಜಾವದಲ್ಲೆದ್ದು ಮೈ ಪಳಗಿಸಿದ ಹುಡುಗನ ನಿಯಮನಿಷ್ಠೆಯು ಎಷ್ಟೋ ಮಂದಿ ಪುಸ್ತಕದ ಹುಳುಗಳಲ್ಲಿ ಇಲ್ಲ. (ಮೇಷ್ಟರಾಗಿದ್ದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.) ಆದರೆ ಪಿಟೀಲಿನಲ್ಲಿ ಅಷ್ಟೇ ತಪಸ್ಸು ಮಾಡಿದ ಹುಡುಗಿಯ ಪರವಾಗಿ ಅಷ್ಟು ಬಲವಾಗಿ ಪಟ್ಟಿ ಹಿಡಿದು ನಿಲ್ಲುವವರಾರು? ಮೇಲಾಗಿ ಸ್ಕ್ವಾಷ್, ದೋಣಿಯ ಪಂದ್ಯ ಮುಂತಾದುವು ಬಹುಮಟ್ಟಿಗೆ ಹಣವಂತರ ಮಕ್ಕಳಿಗೇ ಎಟಕುವ ಆಟಗಳು. ಹೀಗಿರಲು, ಸಾಧನೆಯೆಂದು ನಾವು ಮನ್ನಿಸುವುದರಲ್ಲಿ ತಂದೆಯ ಸಂಪತ್ತಿನ ಅಂಶವೆಷ್ಟು? ಸ್ಥಾನ ತಪ್ಪಿದ ಬಡ ಹುಡುಗನಾದರೋ ಈ ಪ್ರಶ್ನೆಯನ್ನು ಕೇಳಲಾರನು. ತನ್ನ ಪೀಠವು ಯಾವ ತಂಡಕ್ಕೆ ಸಂದಿತೆಂಬುದೇ ಅವನಿಗೆ ತಿಳಿಯದು.