ಅರ್ಧಕ್ಕೆ ಎದ್ದ ಪ್ರಾರ್ಥನೆ

ಹಲಸೂರಿನ ಸೋಮೇಶ್ವರಾ, ಇವತ್ತು ಹಣ್ಣುಕಾಯಿ ತಂದಿಲ್ಲ. ಹಳೆಯದೊಂದು ಬಾಕಿ ತಂದಿದ್ದೇನೆ. ಕಾಲೇಜಿನ ದಿನಗಳಲ್ಲಿ ರಂಗದ ಮೇಲೆ ಒಂದು ಪ್ರಾರ್ಥನೆಯನ್ನು ನಡುವೆ ಬಿಟ್ಟು ಎದ್ದವನು ನಾನು. ಅದನ್ನು ನಿನ್ನ ಮುಂದೆ ಕೂತು ಮುಗಿಸುತ್ತೇನೆ, ಕೇಳು.

ನಾಟಕ ನಿನಗೆ ಹೊಸತಲ್ಲ. ನಿನ್ನ ಗುಡಿಯ ಕಲ್ಲಿನಲ್ಲೇ ರಾವಣ ಕೈಲಾಸ ಎತ್ತುತ್ತಾನೆ, ಗಿರಿಜೆಯ ಮದುವೆ ನಡೆಯುತ್ತದೆ. ನಾವು ಆಡಿದ್ದು 'ತುಘಲಕ್'. ಗಿರೀಶ ಕಾರ್ನಾಡರು 1964ರಲ್ಲಿ, ಇನ್ನೂ 26ರ ಹರೆಯದಲ್ಲಿ ಬರೆದ ನಾಟಕ. ನಾವು ಅದನ್ನು ಆಡಿದ್ದು ಸಿ.ಆರ್. ಸಿಂಹ ಅವರು ಸುಲ್ತಾನನಾಗಿ ಊರಿಗೆಲ್ಲ ಹೆಸರಾಗಿದ್ದ ಕಾಲದಲ್ಲಿ. ನಮ್ಮ ಕನ್ನಡ ಮೇಷ್ಟ್ರಿಗೆ ಎಂಥ ಧೈರ್ಯವಿತ್ತು ನೋಡು! 1809ರಲ್ಲಿ ಇಂಗ್ಲಿಷರ ದಂಡಿಗಾಗಿ ಹುಟ್ಟಿ, 1949ರವರೆಗೂ ಸಿಟಿಯಿಂದ ಬೇರೆಯಾಗಿಯೇ ಇದ್ದ ದಂಡುಪ್ರದೇಶ ನಮ್ಮದು. ತರಗತಿಯಲ್ಲಿ ತಮಿಳು, ದಖನಿ, ತೆಲುಗು, ಇಂಗ್ಲಿಷು. ಕನ್ನಡ ಮನೆಮಾತಾಗಿದ್ದ ನಾವು ನಾಲ್ಕೈದು ಜನ. ಮೇಷ್ಟ್ರು ಪಾತ್ರ ಹಂಚುವಾಗ ಮನೆಮಾತು ಕೇಳಲೇ ಇಲ್ಲ.

ಶಿವಾಜಿನಗರದ ಗೆಳೆಯ ಸುಲ್ತಾನನಾದ. ನಿನ್ನ ತೇರುಬೀದಿಯ ತಮಿಳು ಹುಡುಗ ಅಜೀಜನಾದ. ಬ್ರಾಹ್ಮಣನ ವೇಷ ತೊಟ್ಟು ಸುಲ್ತಾನನನ್ನೇ ವಂಚಿಸುವ ಅಗಸ. ಅವನಿಗೆ ಮಹಾಪ್ರಾಣ ಬಾರದು. ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೋ, 'ಧ' ಅಂದಾಗ ಉಸಿರು ಕೈಗೆ ಬಡಿಯಬೇಕು ಅಂದರು ಮೇಷ್ಟ್ರು. ಸುಲ್ತಾನನಿಗೆ ಮಹಾಪ್ರಾಣವೆಲ್ಲ ಸಲೀಸು, 'ಳ'ಕಾರ ಮಾತ್ರ ಹೊರಳದು. ಅದನ್ನು ಕಲಿಸಿದವನು ಈ ಅಜೀಜನೇ. ಒಬ್ಬರ ನಾಲಿಗೆಯನ್ನು ಇನ್ನೊಬ್ಬರು ತಿದ್ದುತ್ತ ಸಂಜೆಗಳು ಕಳೆದವು. ಹುಟ್ಟಿನಿಂದ ಆಡಿದ ನನ್ನ ಮಾತನ್ನು ನಾನು ಮೊದಲ ಸಲ ಕಿವಿಗೊಟ್ಟು ಕೇಳಿದ್ದು ಆ ತಾಲೀಮಿನಲ್ಲಿ. ಆ ಕಿವಿಯನ್ನು ಕೊಟ್ಟದ್ದಕ್ಕೆ ನಿನಗೆ ಶರಣು, ತಂದೆ.

ನನ್ನದು ಶಿಹಾಬುದ್ದೀನನ ಪಾತ್ರ. ಸುಲ್ತಾನನ ಕೊಲೆಗೆ ಪ್ರಾರ್ಥನೆಯ ಹೊತ್ತನ್ನೇ ಗೊತ್ತು ಮಾಡಿಕೊಂಡ ಗುಂಪಿನಲ್ಲಿ ನಾನೂ ಒಬ್ಬ. ಎಲ್ಲರೂ ನಮಾಜಿಗೆ ನಿಲ್ಲುತ್ತಾರೆ, ನಡುವೆ ನಾನು ಎದ್ದು ಬಾಕು ಹಿರಿಯಬೇಕು. ನಮಗೆ ನಮಾಜು ತಿಳಿಯದು. ಸುಲ್ತಾನ ನಮ್ಮನ್ನು ಮನೆಗೆ ಕರೆದೊಯ್ದ, ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಗೆ. ಅವನ ಅಬ್ಬಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಚಾಪೆ ಹಾಸಿದರು. "ನಾಟಕ ಆದ್ರೂ ಚಪ್ಪಲಿ ಹೊರಗೆ ಬಿಡಿ ಬೇಟಾ. ನೆಲ ಗುಡಿಸಿಟ್ಟು ನಿಲ್ಲಿ," ಎಂದರು. ಬಾಗುವುದು, ನೆಟ್ಟಗಾಗುವುದು, ಸಜ್ದಾ, ಎಲ್ಲವನ್ನೂ ತಾವೇ ಮಾಡಿ ತೋರಿಸಿದರು. ನನ್ನ ಹಣೆ ಚಾಪೆಗೆ ತಾಗಿತು. ನಿನ್ನೆದುರು ಅಡ್ಡಬಿದ್ದಾಗ ಹಣೆಗೆ ಸಿಗುವ ತಂಪೇ ಅಲ್ಲಿಯೂ ಇತ್ತು. ಅದನ್ನು ಅಂದು ಯಾರಿಗೂ ಹೇಳಲಿಲ್ಲ.

ಪ್ರದರ್ಶನದ ದಿನ ರಂಗಪೂಜೆಗೆ ಮೊದಲು ಅಜೀಜ ಪೊರಕೆ ಹಿಡಿದು ಇಡೀ ರಂಗ ಗುಡಿಸಿದ. ಕೆನ್ನೆಗೆ ಸ್ಪಿರಿಟ್ ಗಮ್ಮಿನ ಉರಿ, ಅದರ ಮೇಲೆ ಗಡ್ಡ. ಮೂರನೇ ಬೆಲ್ ಆಯಿತು. ನನ್ನ ಮೊದಲ ಪ್ರವೇಶದಲ್ಲೇ ಮಾತು ಮರೆತುಹೋಯಿತು. ತಲೆಯಲ್ಲಿ ಬರೀ ಬೆಳಕು. ಆಗ ಸೈಡ್‌ವಿಂಗಿನ ಕತ್ತಲಿನಿಂದ ಅಜೀಜ ಮೊದಲ ಪದ ಉಸುರಿದ, ಮಹಾಪ್ರಾಣವೂ ತಪ್ಪದಂತೆ. ಆ ಪದ ಹಿಡಿದುಕೊಂಡೇ ಮುಂದಿನದೆಲ್ಲ ನಡೆದುಹೋಯಿತು.

ಆಮೇಲೆ ನಮಾಜಿನ ದೃಶ್ಯ. ಏಳಬೇಕಾದ ಗಳಿಗೆಯಲ್ಲಿ ನನ್ನ ಮೈ ಏಳಲೊಲ್ಲದು. ಸಭೆಯಲ್ಲಿ ಅಬ್ಬಾ ಕೂತಿದ್ದರು. ಆದರೂ ಎದ್ದೆ, ಬಾಕು ಹಿರಿದೆ. ಪರದೆಯ ಹಿಂದಿನಿಂದ ಸೈನಿಕರು ನುಗ್ಗಿದರು. ಸುಲ್ತಾನ ಮಾತ್ರ ಕದಲದೆ ತನ್ನ ಪ್ರಾರ್ಥನೆ ಪೂರೈಸಿ, ಆಮೇಲೆ ಬಂದು ನನ್ನನ್ನು ಇರಿದ. ಬೆಳ್ಳಿ ಕಾಗದ ಸುತ್ತಿದ ಮರದ ಬಾಕು. ದೀಪ ಆರಿದ ಕೂಡಲೇ ನನ್ನ ಪಕ್ಕೆ ಸವರಿ, "ತಾಗ್ತಾ ಮಗಾ?" ಎಂದ.

ತಾಗಿತು, ಸೋಮೇಶ. ಇವತ್ತಿಗೂ ಅಲ್ಲೇ ಇದೆ. ಅದನ್ನೇ ನಿನಗೆ ನಿವೇದಿಸಲು ಬಂದೆ. ನಾಟಕ ಮುಗಿದ ಮೇಲೆ ಅಬ್ಬಾ ಗ್ರೀನ್ ರೂಮಿಗೆ ಬಂದು, ತೆಂಗಿನೆಣ್ಣೆ ಬಳಿದು ಬಣ್ಣ ಒರೆಸುತ್ತಿದ್ದ ನನ್ನ ತಲೆಯ ಮೇಲೆ ಕೈಯಿಟ್ಟರು. ಅವರೀಗ ಇಲ್ಲ. ಮೇಷ್ಟ್ರೂ ಇಲ್ಲ. ಇಬ್ಬರನ್ನೂ ನಿನ್ನ ಬಳಿ ಇರಿಸಿಕೋ. ಸುಲ್ತಾನನ ಮಂಡಿ ನೋವು ಕಡಿಮೆ ಮಾಡು, ಅವನಿಗೆ ಸಜ್ದಾ ಕಷ್ಟವಾಗಿದೆಯಂತೆ.

ಇನ್ನೊಂದೇ ಬೇಡಿಕೆ. ಮೊನ್ನೆ ಹಲಸೂರಿನಲ್ಲಿ ಮೆಟ್ರೊ ಹತ್ತಿದೆ. ಇಂದಿರಾನಗರ ದಾಟಿದರೂ ಎದುರಿನ ಹುಡುಗಿ ತಲೆ ಎತ್ತಲಿಲ್ಲ. ಮಡಿಚಿ ಮಡಿಚಿ ಸವೆದ ಜೆರಾಕ್ಸ್ ಹಾಳೆಗಳು, ಮಾತಿನ ಕೆಳಗೆ ಪೆನ್ಸಿಲ್ ಗೆರೆ, ತುಟಿ ಅಲುಗುತ್ತಿತ್ತು. ಒಂದು ಪದ ಬಂದಾಗಲೆಲ್ಲ ನಿಂತು ಮತ್ತೆ ಮೊದಲಿನಿಂದ ಹೇಳಿಕೊಳ್ಳುತ್ತಿದ್ದಳು. ಕೆ.ಆರ್. ಪುರದಲ್ಲಿ ಇಳಿದು ಹೋದಳು. ಯಾವ ಕಾಲೇಜೋ, ಯಾವ ನಾಟಕವೋ. ಅವಳಿಗೆ ಮೊದಲ ಮಾತು ನೆನಪಿರಲಿ, ತಂದೆ. ಮರೆತರೆ, ಕತ್ತಲಲ್ಲಿ ಪಕ್ಕದಲ್ಲೇ ಯಾರಾದರೂ ನಿಂತಿರಲಿ.